ಕಾವಿಗೆ ಕೂತ ಕಾರು

ನನ್ನ ಮಗಳು ಸ್ಪಂದನ ಹುಟ್ಟಾ ಎಂಜಿನಿಯರ್ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಪರವಾಗಿರಲಿಲ್ಲ. ಪಣಕಹಳ್ಳಿಯ ಬಸ್ ಸ್ಟಾಪಿನಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ, ದಿಂಬಂ ಘಾಟಿಯ ನೆತ್ತಿಯ ಮೇಲಿನ ಟೀ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೆ. ನಲವತ್ತು ದಾಟಿದ ಮೇಲೆ ತಂದೆಯಾದವನಿಗೆ ಮಕ್ಕಳು ಕೆಮ್ಮಿದರೂ ಅದರಲ್ಲಿ ರಾಗ ಕೇಳಿಸುತ್ತದೆ. ಆದರೆ ನನ್ನ ನಂಬಿಕೆಗೆ ಆಧಾರವೂ ಇತ್ತು.

ಒಂದನೇ ಕ್ಲಾಸಿನ ಹುಡುಗಿ ಅವಳು. ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ಅಂಗಳದಲ್ಲಿ ನಿಂತ ನನ್ನ ಹಳೆಯ ಕಾರಿನೊಳಗೆ ಹೋಗಿ ಕೂರುತ್ತಿದ್ದಳು. ನಾನು ಕಾರಿನ ಕೆಳಗೆ ಅಂಗಾತ ಮಲಗಿ ಗ್ರೀಸಿನಲ್ಲಿ ಮೀಯುತ್ತಿದ್ದರೆ, ಬಿಚ್ಚಿಟ್ಟ ಒಂದೊಂದು ಸಾಮಾನನ್ನೂ ಎತ್ತಿ, ಕೆಟ್ಟ ರೇಡಿಯೋದಿಂದ ಕಿತ್ತ ಆಯಸ್ಕಾಂತದ ತುಂಡನ್ನು ಅದಕ್ಕೆ ಮುಟ್ಟಿಸಿ ನೋಡುತ್ತಿದ್ದಳು.

"ಅಪ್ಪ, ಇದು ಕಬ್ಬುಣವಾ?"

"ಹೂಂ ಕಣವ್ವ, ಕಬ್ಬಿಣ."

"ಇದು?"

"ಅದು ಹಿತ್ತಾಳೆ."

ಹಿತ್ತಾಳೆಯನ್ನು ಅವಳು ತಿರಸ್ಕಾರದಿಂದ ಕೆಳಗಿಡುತ್ತಿದ್ದಳು. ಆರು ವರ್ಷಕ್ಕೇ ಲೋಹಶಾಸ್ತ್ರ! ನನ್ನ ಎದೆ ಉಬ್ಬಿ ಕಾರಿನ ತಳಕ್ಕೆ ತಾಗುತ್ತಿತ್ತು.

ಕಾರು ನನಗೆ ಸಿಕ್ಕಿದ್ದು ದಿಂಬಂನಲ್ಲಿ, ಆ ಟೀ ಅಂಗಡಿಯ ಹಿಂಭಾಗದಲ್ಲಿ. ಹಳೆಯ ಕಾಲದ ಫಿಯಟ್. ಒಂದು ಕಾಲದಲ್ಲಿ ಕೆನೆಬಣ್ಣವಿತ್ತು ಎಂದು ಅಂಗಡಿಯವನು ಹೇಳಿದ್ದರಿಂದ ನಂಬಬೇಕಿತ್ತು. ಬಾನೆಟ್ ಮೇಲೆ ಬಳ್ಳಿ ಹಬ್ಬಿತ್ತು, ಡ್ರೈವರ್ ಸೀಟಿನಲ್ಲಿ ಒಂದು ಮೇಕೆ ಮೆಲುಕು ಹಾಕುತ್ತಿತ್ತು. "ವಂಡಿ ತಂಗಂ, ಅಣ್ಣೇ," ಎಂದ ಅಂಗಡಿಯವನು. ಗಾಡಿ ಚಿನ್ನವಂತೆ. ಎಂಜಿನ್ನಿನಲ್ಲಿ ಮಾತ್ರ ಕೊಂಚ ಕೆಲಸವಿದೆಯಂತೆ. ನಾನು ಮೇಕೆಯನ್ನು ಇಳಿಸಿ ನಾನೇ ಹತ್ತಿ ಕೂತೆ. ಆ ಕ್ಷಣದಲ್ಲೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದೆ: ಮೆಕ್ಯಾನಿಕ್ಕಿನ ನೆರಳೂ ಸೋಕದಂತೆ, ಈ ನನ್ನ ಎರಡು ಕೈಗಳಿಂದಲೇ ಈ ವಾಹನಕ್ಕೆ ಪುನರ್ಜನ್ಮ ಕೊಡುತ್ತೇನೆ. ಎಲೆಕೋಸು ಮತ್ತು ಮುಸುಕಿನ ಜೋಳ ಬಿಟ್ಟು ಬೇರೇನನ್ನೂ ಬೆಳೆಸಿ ಗೊತ್ತಿಲ್ಲದ ಕೈಗಳು ಎಂಬುದು ಆಗ ನೆನಪಿಗೆ ಬರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಚಿಕ್ಕಸಿದ್ದ ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ. ದಾರಿಯುದ್ದಕ್ಕೂ ನಾನು ಸ್ಟೇರಿಂಗ್ ಹಿಡಿದು, ಎದುರಿಗೆ ಬಂದ ಬಸ್ಸುಗಳಿಗೆಲ್ಲ ಕೈಬೀಸಿದೆ. ಮನೆಯ ಮುಂದೆ ಮೆರವಣಿಗೆ ನಿಂತಾಗ ನನ್ನ ಹೆಂಡತಿ ಶೈಲಶ್ರೀ ಹಾಲಿನ ಕ್ಯಾನ್ ಹಿಡಿದು ನಿಂತಿದ್ದಳು.

"ಏನಿದು?"

"ಕಾರು."

"ಅದು ಕಾಣ್ತದ. ಓಡ್ತದಾ?"

"ಓಡಿಸ್ತೀನಿ."

"ಮಾಲಿನಿ ಮಗೀನ ತೊಟ್ಲು ಶಾಸ್ತ್ರುಕ್ಕ ಓಡ್ತದಾ? ಅದೊಂದ ಏಳಿ."

ಆ ಪ್ರಶ್ನೆಯ ಹಿಂದೆ ಒಂದು ಆನೆ ಇತ್ತು.

ಶೈಲಶ್ರೀಯ ತವರು ಜೀರಹಳ್ಳಿ. ನಡುವೆ ಕಾಡು. ಹಿಂದಿನ ವರ್ಷ ಒಂದು ಸಂಜೆ ನಾನು, ಅವಳು, ಸ್ಪಂದನ, ಸ್ಪಂದನಳ ತಮ್ಮನಾದ ನಮ್ಮ ಮಗ ಮಾದು, ನಾಲ್ವರೂ ಒಂದೇ ಸ್ಕೂಟರಿನಲ್ಲಿ ಅಲ್ಲಿಂದ ವಾಪಸ್ ಬರುತ್ತಿದ್ದಾಗ, ತಿರುವಿನಲ್ಲಿ ಆನೆಯೊಂದು ರಸ್ತೆಗೆ ಅಡ್ಡ ನಿಂತು ಬಿದಿರು ಮುರಿಯುತ್ತಿತ್ತು. ಸ್ಕೂಟರಿನ ಮುಂದೆ ನಿಂತಿದ್ದ ಮಾದುವಿಗೆ ಆಗಿನ್ನೂ ಮಾತು ಕೂಡಿಬರುತ್ತಿದ್ದ ಕಾಲ. "ಆನ, ಸೈಡ್ ಬುಡು," ಎಂದ ಸ್ಪಷ್ಟವಾಗಿ. ಆನೆ ತಿರುಗಿ ನೋಡಿತು. ನಾನು ಸ್ಕೂಟರನ್ನು ಉಸಿರಿಲ್ಲದೆ ಹಿಂದಕ್ಕೆ ತಳ್ಳಿದೆ. ಅದು ತನ್ನ ಪಾಡಿಗೆ ಕಾಡಿಗಿಳಿಯುವವರೆಗೂ ನಾವು ಒಂದು ಮರದ ಹಿಂದೆ ನಿಂತಿದ್ದೆವು. ಆಮೇಲೆ ಶೈಲಶ್ರೀ ಹೇಳಿದ್ದು ಒಂದೇ ಮಾತು: "ಇನ್ನ ಮಕ್ಕಳ ಕಟ್ಕಂಡು ಈ ದಾರೀಲಿ ಸ್ಕೂಟರ್‌ಲಿ ನಾ ಬರಕ್ಕಿಲ್ಲ."

ಅಂದಿನಿಂದ ಅವಳು ತವರಿಗೆ ಹೋಗಿರಲಿಲ್ಲ. ಹೋದರೆ ಸಂಜೆ ಹಸು ಕರೆಯುವ ಹೊತ್ತಿಗೆ ಬರಬೇಕು. ವಾಪಸ್ ಬಸ್ಸು ಊಟದ ಎಲೆ ಹಾಕುವ ಮೊದಲೇ ಹೊರಡುತ್ತದೆ; ಅದರ ಮುಂದಿನದು ಬಂದರೆ ಬಂತು. ಈಗ ಅವಳ ತಂಗಿ ಮಾಲಿನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮಗು ಹುಟ್ಟಿತ್ತು. ದೊಡ್ಡಮ್ಮನಾದವಳೇ ಕೂಸನ್ನು ತೊಟ್ಟಿಲಿಗೆ ಹಾಕಬೇಕೆಂದು ಮಾಲಿನಿ ಹಟ ಹಿಡಿದಿದ್ದಳು. ಶೈಲಶ್ರೀ ಆ ಕೂಸಿಗೆಂದು ತನ್ನ ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಒಂದು ಪುಟ್ಟ ಲಂಗ ಹೊಲಿದಿಟ್ಟಿದ್ದಳು.

"ಸುಮ್ನ ಬಾಡಿಗ ವ್ಯಾನ್ ಏಳ್ಬುಡಿ," ಎಂದಳು.

"ನಾನಿರುವಾಗ ಬಾಡಿಗೆಯೇ?" ಎಂದೆ ನಾನು. ಎಂದವನು ಸುಮ್ಮನಾಗಲಿಲ್ಲ. ಅವಳ ಅಣ್ಣ ಮೋಹನನಿಗೆ ಫೋನ್ ಮಾಡಿ, "ಮನೆ ಮುಂದೆ ಕಾರು ನಿಲ್ಲಿಸಕ್ಕೆ ಜಾಗ ಬಿಟ್ಟಿರಪ್ಪ" ಎಂದೂ ಹೇಳಿಬಿಟ್ಟೆ.

ಹೀಗೆ ಪುನರ್ಜನ್ಮದ ಕಾರ್ಯ ಆರಂಭವಾಯಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಾರು ಬಿಚ್ಚುವುದು ಸುಲಭ; ಬಿಚ್ಚಿದ್ದು ಬಿಚ್ಚಿದ ಕಡೆಯಲ್ಲಿರುವುದು ಕಷ್ಟ. ಮಾದುವಿಗೆ ಈಗ ಮೂರು ವರ್ಷ. ಅವನ ಜೀವನಧರ್ಮ ಒಂದೇ: ತೂತು ಕಂಡರೆ ತುಂಬಬೇಕು. ನಾನು ವಾರಗಟ್ಟಲೆ ಉಜ್ಜಿ, ಒರೆಸಿ, ಎಣ್ಣೆ ಕುಡಿಸಿ, ಒಂದು ಭಾನುವಾರ ಬೀದಿಯವರನ್ನೆಲ್ಲ ಸೇರಿಸಿ ಮೊದಲ ಬಾರಿಗೆ ಎಂಜಿನ್ ಚಾಲೂ ಮಾಡಿದೆ. ಅದು ಗೊರಕೆ ಹೊಡೆಯಿತು, ಸೀನಿತು, ಆಮೇಲೆ ಭೂಮಿ ನಡುಗುವಂತೆ ಗುಡುಗಿತು. ಸೈಲೆನ್ಸರಿನಿಂದ ಮೊದಲು ಹೊಗೆ ಬಂತು. ಹಿಂದೆಯೇ ಒಂದು ಬೋಸಿಯಷ್ಟು ಮುಸುಕಿನ ಜೋಳ ಗುಂಡಿನಂತೆ ಹಾರಿ ಅಂಗಳದಲ್ಲೆಲ್ಲ ಚೆಲ್ಲಿತು. ಚಿಕ್ಕಸಿದ್ದ ಒಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡ.

"ಉರ್ದದ ಸರ್ಯಾಗಿ," ಎಂದ. "ಉಪ್ಪು ಕಮ್ಮಿ ಕಣಣ್ಣ."

ಆದರೂ ಎಂಜಿನ್ ಓಡಿತ್ತಲ್ಲ. ಅಂದು ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ.

ನನ್ನ ಅವ್ವ ರಾಚಮ್ಮನಿಗೆ ಕಾರಿನ ಬಗ್ಗೆ ಮೊದಲಿಂದಲೂ ಗೌರವವಿತ್ತು. ಅದರ ಛಾವಣಿ ಸಂಡಿಗೆ ಒಣಗಿಸಲು ಹೇಳಿ ಮಾಡಿಸಿದಂತಿತ್ತು. "ಇಂಜಿನ್ ಶುರು ಮಾಡ್ದಾಗ ಮುಂದ್ಗಡ ತಗಡು ಬಿಸಿ ಆಯ್ತದಾ? ಆದ್ರ ಮೊದ್ಲೇ ಏಳ್ಲಾ, ಅಪ್ಪಳ ಅರವ್ತೀನಿ," ಎನ್ನುತ್ತಿದ್ದಳು. ಅವಳ ಕರಿಕೋಳಿಗಂತೂ ಗೌರವ ಇನ್ನೂ ಹೆಚ್ಚು. ನಾರು ಹೊರಬಂದಿದ್ದ ಹಿಂದಿನ ಸೀಟನ್ನು ಕೆದಕಿ ಗುಂಡಿ ಮಾಡಿ, ಅದರಲ್ಲಿ ಮೊಟ್ಟೆ ಇಟ್ಟು, ಒಂದು ದಿನ ಕಾವಿಗೇ ಕೂತುಬಿಟ್ಟಿತು. ನಾನು ಎತ್ತಲು ಹೋದೆ. ಕೋಳಿ ನನ್ನ ಕೈ ಕುಕ್ಕಿತು. ಅವ್ವ ಬೆನ್ನಿಗೇ ಗದರಿದಳು.

"ಕಾವ್ಗ ಕುಂತ ಕೋಳಿ ಎಬ್ಬುಸ್ತೀಯಾ? ಅದು ಒಪ್ಕಂಡು ಕುಂತಿರ ಜಾಗ ಕಣ್ಲಾ. ಮುಟ್ಬ್ಯಾಡ."

"ಅವ್ವ, ಅದು ಕಾರಿನ ಸೀಟು."

"ಕೋಳಿಗ ಅದೆಲ್ಲ ಗೊತ್ತಾಗಕ್ಕಿಲ್ಲ."

ಅದರ ಮೇಲೆ, ಆ ಕೋಳಿಯನ್ನೂ ಅದರ ಮರಿಗಳನ್ನೂ ಸ್ಪಂದನಳಿಗೆ ಕೊಟ್ಟಿದ್ದೇನೆಂದು ಘೋಷಿಸಿದಳು. ಅಲ್ಲಿಗೆ ನನ್ನ ಕಾರಿನ ಅರ್ಧಭಾಗ ಕಾನೂನುಬದ್ಧವಾಗಿ ಕೈತಪ್ಪಿತು. ಎಂಜಿನಿಯರ್ ಮಗಳು ಹಿಂದಿನ ಸೀಟಿನಲ್ಲಿ ಕಾವಲು ಕೂತಳು. ನಾನು ಮುಂದಿನ ಭಾಗಕ್ಕೆ ಗಡಿ ಹಾಕಿಕೊಂಡೆ. ಕೋಳಿ ಏಳುವಷ್ಟರಲ್ಲಿ ಎಂಜಿನ್ನಿನ ಕೊನೆಯ ಕೆಲಸ ಮುಗಿಸಿಬಿಡೋಣ ಎಂದುಕೊಂಡು, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪುಟ್ಟ ಪಂಪನ್ನು ತೊಳೆಯಲು ಬಿಚ್ಚಿದೆ. ಅದನ್ನು ಕುಟ್ಟಿ ಕುಟ್ಟಿ ಕೆಲಸ ಮಾಡಿಸುವ ಒಂದು ಉಕ್ಕಿನ ಕಡ್ಡಿ ಇದೆ. ಬೆರಳುದ್ದ. ಪುಶ್ ರಾಡ್ ಎನ್ನುತ್ತಾರೆ. ಅದಿಲ್ಲದಿದ್ದರೆ ಕಾರು ಸಂಡಿಗೆ ಒಣಗಿಸಲು ಮಾತ್ರ ಉಪಯೋಗ.

ಮತ್ತೆ ಜೋಡಿಸುವಾಗ ನೋಡಿದರೆ, ಕಡ್ಡಿ ಇಲ್ಲ.

ಅಂಗಳ ಗುಡಿಸಿದೆವು. ಸಗಣಿ ಗುಂಡಿ ಕೆದಕಿದೆವು. ಚಿಕ್ಕಸಿದ್ದನನ್ನು ಕರೆದು, ಕಂಡೆಯಾ ಎಂದೂ ಕದ್ದೆಯಾ ಎಂದೂ ಎರಡೂ ಅರ್ಥ ಬರುವಂತೆ ಕೇಳಿದೆ. ಅವನಿಗೆ ಒಂದೇ ಅರ್ಥ ತಿಳಿಯಿತು.

"ನಾ ಯಾಕ ತಕ್ಕಳ್ಳಿ ಅಣ್ಣ? ನನ್ ಟ್ರ್ಯಾಕ್ಟರ್ ಮುಂದ ಅದು ಅಲ್ಲು ಚುಚ್ಕಳ ಕಡ್ಡಿ."

ಊಟಕ್ಕೆ ಕೂತಾಗ ಇಡೀ ಕುಟುಂಬವನ್ನು ಗಂಭೀರವಾಗಿ ವಿಚಾರಿಸಿದೆ: "ನನ್ನ ಪುಶ್ ರಾಡನ್ನು ಯಾರಾದರೂ ನೋಡಿದ್ದೀರಾ?" ಅವ್ವ, ಅದು ತಿನ್ನುವುದೋ ಹಚ್ಚಿಕೊಳ್ಳುವುದೋ ಎಂದು ಕೇಳಿದಳು. ಸ್ಪಂದನ ಮುಗ್ಧವಾಗಿ ತಲೆಯಾಡಿಸಿದಳು. ಮಾದು ಮಾತ್ರ ನನ್ನ ಮುಖ ನೋಡಿ ನಕ್ಕ. ತೂತು ಕಂಡರೆ ತುಂಬುವವನಿಗೆ ತನ್ನ ಬಾಯಿಯೂ ಒಂದು ತೂತೇ ಎಂಬುದು ನನಗೆ ಥಟ್ಟನೆ ಹೊಳೆಯಿತು.

ವೈಜ್ಞಾನಿಕ ಪರೀಕ್ಷೆಗೆ ಇಳಿದೆ. ಆಯಸ್ಕಾಂತವನ್ನು ಸ್ಪಂದನಳೇ ತಂದುಕೊಟ್ಟಳು. ಮಾದುವನ್ನು ಜಗಲಿಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಮೆಲ್ಲಗೆ ಎಳೆದೆ. ಅವನು ಕಚಗುಳಿಗೆ ಕೇಕೆ ಹಾಕಿದ. ಹೊಕ್ಕುಳಿನ ಕೆಳಗೆ ಬಂದದ್ದೇ ತಡ, ಟಕ್ ಎಂದು ಅಂಟಿಕೊಂಡಿತು.

"ಸಿಕ್ಕಿತು," ಎಂದು ಕೂಗಿದೆ.

ಶೈಲಶ್ರೀ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆಯಸ್ಕಾಂತ ನೋಡಿದಳು, ಮಗನನ್ನು ನೋಡಿದಳು, ಕಂಬ ಹಿಡಿದುಕೊಂಡಳು. ಒಂದು ಕ್ಷಣವಷ್ಟೇ. ಆಮೇಲೆ ಬಾಗಿ ಚಡ್ಡಿಯ ಬಟನ್ನಿನಿಂದ ಆಯಸ್ಕಾಂತವನ್ನು ಕಿತ್ತು ನನ್ನ ಕೈಗಿಟ್ಟಳು.

"ನಿಮ್ ತಲಗ ಇಟ್ಟು ನೋಡ್ಕಳಿ," ಎಂದಳು. "ಅಲ್ಲೇನಾರ ಅದಾ ಇಲ್ವಾ ಅಂತ."

ಸತ್ಯಮಂಗಲದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. "ಅದೆಲ್ಲಾಂ ಇಪ್ಪೋ ವರಾದು ಸಾರ್," ಎಂದ. ಈಗ ಬರುವುದಿಲ್ಲವಂತೆ. ನಗುವನ್ನು ಮಾತ್ರ ಧಾರಾಳವಾಗಿ ಕೊಟ್ಟ. ಬಾಡಿಗೆ ವ್ಯಾನಿನವರನ್ನು ಕೇಳಿದರೆ, ಒಳ್ಳೆಯ ಮುಹೂರ್ತದ ದಿನ, ಎಲ್ಲ ಗಾಡಿಯೂ ಮದುವೆಗಳಿಗೆ ಹೋಗಿದ್ದವು. ಟ್ರ್ಯಾಕ್ಟರಿನಲ್ಲಿ ಕರೆದೊಯ್ಯೋಣವೆಂದರೆ ಚಿಕ್ಕಸಿದ್ದನೂ ಒಂದು ಮದುವೆಗೆ ಚಪ್ಪರದ ಗಳ ಹೊರಲು ಒಪ್ಪಿಕೊಂಡಿದ್ದ. ಆದರೂ ಶಾಸ್ತ್ರದ ಹಿಂದಿನ ದಿನ ಅವನು ಒಂದು ಮಹಾ ಉಪಾಯದೊಂದಿಗೆ ಬಂದ. ಹಸುವಿಗೆ ಗ್ಲೂಕೋಸ್ ಹಾಕಿದಾಗ ಉಳಿದ ಬಾಟಲಿ ಮತ್ತು ನಳಿಗೆ. ಬಾಟಲಿಗೆ ಪೆಟ್ರೋಲ್ ತುಂಬಿ ಬಾನೆಟ್ ಮೇಲೆ ಕೋಲಿಗೆ ಕಟ್ಟಿದರೆ, ತಾನಾಗಿ ಎಂಜಿನ್ನಿಗೆ ಇಳಿಯುತ್ತದೆ.

"ಐಸಿಯು ಅಣ್ಣ," ಎಂದ ಹೆಮ್ಮೆಯಿಂದ.

ಎಂಜಿನ್ ಚಾಲೂ ಆಯಿತು. ನಾನು ಚಿಕ್ಕಸಿದ್ದನನ್ನು ತಬ್ಬಿಕೊಳ್ಳುವಷ್ಟರಲ್ಲಿ ಶೈಲಶ್ರೀ ಹೊರಗೆ ಬಂದಳು. ಬಿಸಿ ಎಂಜಿನ್ನಿನ ಮೇಲೆ ತೂಗಾಡುತ್ತಿದ್ದ ಪೆಟ್ರೋಲ್ ಬಾಟಲಿಯನ್ನು ನೋಡಿದಳು.

"ಇದರ ಇಂದ್ಗಡ ನನ್ ಮಕ್ಕಳ ಕುಂಡ್ರುಸ್ತೀರಾ?"

ಚಿಕ್ಕಸಿದ್ದ ನನ್ನನ್ನು ನೋಡಿದ, ನಾನು ಬಾಟಲಿಯನ್ನು ನೋಡಿದೆ.

"ಆಫ್ ಮಾಡಿ. ನಾ ಓಗಕ್ಕಿಲ್ಲ, ಬುಡಿ. ಮಾಲಿನಿಗ ಫೋನ್ ಮಾಡ್ ಏಳ್ತೀನಿ."

ಜಗಳವಾಡಿದ್ದರೆ ನಾನು ತಯಾರಿದ್ದೆ. ಅವಳು ಜಗಳವಾಡಲಿಲ್ಲ. ಒಳಗೆ ಹೋಗಿ, ಮರುದಿನಕ್ಕೆಂದು ತೆಗೆದಿಟ್ಟ ಸೀರೆಯನ್ನು ಮಡಿಸಿ ಟ್ರಂಕಿಗೆ ಹಾಕಿದಳು. ಅದರ ಮೇಲೆ ಆ ಪುಟ್ಟ ಲಂಗವನ್ನು ಇಟ್ಟಳು. ಟ್ರಂಕಿನ ಮುಚ್ಚಳ ಮುಚ್ಚಿದ ಸದ್ದು ನನ್ನ ಕಿವಿಗೆ ಆ ಆನೆ ಬಿದಿರು ಮುರಿದ ಹಾಗೆ ಕೇಳಿಸಿತು. ತವರಿಗೆ ಕಾರು ತರುತ್ತೇನೆಂದು ಸಾರಿದವನು, ಇದ್ದ ಒಂದು ವ್ಯಾನನ್ನೂ ತಪ್ಪಿಸಿದ್ದೆ.

ಬೆಳಗ್ಗೆ ನಾನು ಬಾನೆಟ್ಟಿಗೆ ಒರಗಿ ಹಲ್ಲುಜ್ಜುತ್ತಿದ್ದೆ. ಹಿಂದಿನ ಸೀಟಿನಿಂದ ಸ್ಪಂದನ ಕೂಗಿದಳು: "ಅಪ್ಪ, ಬಂದೋ. ಮರಿ ಬಂದೋ."

ಹೋಗಿ ಇಣುಕಿದೆ. ಕರಿಕೋಳಿ ಎದ್ದು ನಿಂತು ರೆಕ್ಕೆ ಕೊಡವಿತು. ಕೆಳಗೆ ಒಡೆದ ಚಿಪ್ಪು, ಒದ್ದೆ ಮರಿಗಳು, ಇನ್ನೂ ಬಿರಿಯದ ಕೆಲವು ಮೊಟ್ಟೆ. ಮೊಟ್ಟೆಗಳ ನಡುವೆ ಒಂದು ತುಂಡು ಇದ್ದಿಲು. ಇದ್ದಿಲ ಪಕ್ಕದಲ್ಲಿ, ಕೋಳಿಯ ಎದೆ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿದ್ದ ನನ್ನ ಪುಶ್ ರಾಡ್.

ನನ್ನ ಬಾಯಿಂದ ಪೇಸ್ಟಿನ ನೊರೆ ಸುರಿಯಿತು. ಉಗುಳಿ ಕೇಳಿದೆ: "ಇದೇನವ್ವ ಇಲ್ಲಿ?"

"ಕಬ್ಬುಣ," ಎಂದಳು ಎಂಜಿನಿಯರ್.

ವಿವರಣೆ ಕೊಟ್ಟಿದ್ದು ಅವ್ವ. "ಗುಡುಗುದ್ರ ಮೊಟ್ಟ ಕೆಟ್ಟೋಯ್ತವ ಕಣ್ಲಾ. ಕಾವ್ಗ ಕುಂಡ್ರುಸ್ದಾಗ ಒಂಚೂರು ಕಬ್ಬುಣ, ಒಂಚೂರು ಇದ್ಲು ಮಡಗ್ಬೇಕು. ನಾನೇ ಏಳ್ಕೊಟ್ಟಿ ಮಗೀಗ. ದಿನಾ ಸಂಜ ಹೆಂಗ ಗುಡುಗ್ತು, ನೋಡ್ನಿಲ್ವಾ ನೀನು? ಈ ಮನಲೇ ಉಟ್ಟು ಅಷ್ಟೂ ಗೊತ್ತಿಲ್ವಲ್ಲ ನಿನ್ಗ."

ನನ್ನ ಲೋಹಶಾಸ್ತ್ರಜ್ಞೆಯ ಸಂಶೋಧನೆಯ ಗುಟ್ಟು ಇದು. ಕಾರಿನೊಳಗೆ ಕೂತಿದ್ದು ಕೋಳಿಗಾಗಿ. ಆಯಸ್ಕಾಂತ ಹಿಡಿದಿದ್ದು ಮೊಟ್ಟೆಗಾಗಿ.

"ನನ್ನ ಕೇಳದೆ ಯಾಕೆ ತಗೊಂಡೆ?" ಎಂದೆ, ಉಳಿದಿದ್ದ ಅಧಿಕಾರದಿಂದ.

"ನಾ ಕೇಳ್ದಿ. 'ಇದು ಕಬ್ಬುಣವಾ, ನಂಗ ಕೊಡ್ತಿಯಾ' ಅಂದಿ. ನೀನು ಕಾರ್ ತಳದಲ್ಲಿದ್ದಿ. 'ತಕ್ಕೊ ಚಿನ್ನ' ಅಂದ್ಯಲ್ಲ?"

ಅಂದಿರಬೇಕು. ಕಾರಿನ ಕೆಳಗಿರುವಾಗ ನಾನು ಬಹಳ ಉದಾರಿ. ಕೈ ಚಾಚಿದೆ. ಸ್ಪಂದನ ಎರಡೂ ತೋಳು ಅಗಲಿಸಿ ಗೂಡಿಗೆ ಅಡ್ಡ ಬಂದಳು. ಅವ್ವ ಪಶ್ಚಿಮದ ಕಡೆ ನೋಡಿದಳು. ಬೆಳಗ್ಗೆಯೇ ಮೋಡ ಕಟ್ಟುತ್ತಿತ್ತು.

"ಇನ್ನೂ ಮೊಟ್ಟ ಅದ. ಎಲ್ಲಾ ಒಡಿಯಗಂಟ ತೆಗಿಯಂಗಿಲ್ಲ."

"ಬದಲಿಗೆ ಕುಡುಗೋಲು ಇಡ್ತೀನವ್ವ."

"ಮಡಗಿದ್ ಕಬ್ಬುಣ ನಡುವ ಬದಲಾಯ್ಸಂಗಿಲ್ಲ ಕಣ್ಲಾ."

ಬಾಗಿಲಲ್ಲಿ ಶೈಲಶ್ರೀ ಬಂದು ನಿಂತಿದ್ದಳು. ಹೊಳೆಯುವ ಕಡ್ಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಜೀವನದಲ್ಲಿ ಒಂದೇ ಒಂದು ಸಲ ನನ್ನ ತಲೆ ಬೇಕಾದ ಹೊತ್ತಿಗೆ ಓಡಿದ್ದರೆ, ಅದು ಆಗ.

ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಸ್ಪಂದನ, ನಿನ್ನ ಆಯಸ್ಕಾಂತ ತಾ. ಈ ಬಾಗಿಲಿಗೆ ಇಟ್ಟು ನೋಡು."

ಇಟ್ಟಳು. ಟಕ್.

"ಮೇಲೆ ಛಾವಣಿಗೆ?"

ಅವಳನ್ನು ಎತ್ತಿಕೊಂಡೆ. ಸಂಡಿಗೆ ಸರಿಸಿ ಇಟ್ಟಳು. ಟಕ್.

"ಈಗ ಹೇಳು, ಕೋಳಿ ಎಲ್ಲಿ ಕೂತಿದೆ?"

ಸ್ಪಂದನ ಕಾರನ್ನು ಒಂದು ಸುತ್ತು ಹಾಕಿ, ಅಲ್ಲಲ್ಲಿ ಆಯಸ್ಕಾಂತ ಮುಟ್ಟಿಸಿ ಬಂದಳು. "ಕಬ್ಬುಣದೊಳಗ," ಎಂದಳು.

ಎಲ್ಲರೂ ಅವ್ವನ ಕಡೆ ನೋಡಿದೆವು. ಅವ್ವ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುವಷ್ಟು ಹೊತ್ತು ಯೋಚಿಸಿದಳು.

"ಅದೂ ಅದ," ಎಂದಳು. "ಆದ್ರ ಕೋಳಿ ಇಳಿಸ್ಬ್ಯಾಡಿ. ಕಬ್ಬುಣದೊಳಗೇ ಇರ್ಲಿ."

ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಕಡ್ಡಿ ಪಂಪಿಗೆ ಸೇರಿತು; ಹೀಗೆ ನನ್ನ ಪುನರ್ಜನ್ಮ ಪಡೆದ ವಾಹನ ಮೊದಲ ಪ್ರಯಾಣ ಹೊರಟಿತು. ಮುಂದೆ ನಾನು, ಪಕ್ಕದಲ್ಲಿ ಶೈಲಶ್ರೀ, ಅವಳ ತೊಡೆಯ ಮೇಲೆ ಮಾದು. ಹಿಂದೆ ಒಂದು ಕಿಟಕಿಗೆ ಅವ್ವ, ಇನ್ನೊಂದಕ್ಕೆ ಸ್ಪಂದನ, ನಡುವೆ ಮಹಾರಾಣಿಯಂತೆ ಕರಿಕೋಳಿ. ಗುಂಡಿ ಬಂದಾಗಲೆಲ್ಲ ಹಿಂದಿನಿಂದ ಮೂರೂ ಜನ ನನ್ನನ್ನು ಬೈದರು. ಕೋಳಿಯ ಬೈಗುಳವೇ ಹೆಚ್ಚು ಖಾರವಾಗಿತ್ತು. ದಾರಿಯಲ್ಲೇ ಇನ್ನೆರಡು ಮೊಟ್ಟೆ ಬಿರಿದವು.

ಜೀರಹಳ್ಳಿಯಲ್ಲಿ ಮೋಹನ ನಿಜವಾಗಿಯೂ ಮನೆ ಮುಂದೆ ಜಾಗ ಬಿಟ್ಟು, ನೀರು ಚಿಮುಕಿಸಿ ಕಾದಿದ್ದ. ನಾನು ಇಳಿದು, ಬಾನೆಟ್ ಮೇಲೆ ಕೈಯೂರಿ, ಯಾರಾದರೂ ಫೋಟೋ ತೆಗೆಯುತ್ತಾರೇನೋ ಎಂದು ನಿಂತೆ. ಊರಿನ ಮಕ್ಕಳೆಲ್ಲ ಹಿಂದಿನ ಕಿಟಕಿಗೆ ಮುತ್ತಿಕೊಂಡಿದ್ದರು.

"ಬಾವ, ಚೆನ್ನಾಗದ," ಎಂದ ಮೋಹನ.

"ಅಲ್ವಾ? ಎಂಜಿನ್ ನೋಡಬೇಕು ನೀನು."

"ನಾ ಏಳಿದ್ದು ಕೋಳಿ ವಿಚಾರ. ಏನ್ ಜಾತೀದು?"

ಆದರೆ ಒಳಗೆ ಶೈಲಶ್ರೀ ಆ ಕೂಸಿಗೆ ರೇಷ್ಮೆ ಲಂಗ ತೊಡಿಸಿ, ಎದೆಗೊತ್ತಿಕೊಂಡು ತೊಟ್ಟಿಲಿಗೆ ಹಾಕಿದಳು. ಮಾಲಿನಿ ಅಕ್ಕನ ಭುಜದ ಮೇಲೆ ತಲೆಯಿಟ್ಟು ಅತ್ತಳು. ಬಾಗಿಲಲ್ಲಿ ನಿಂತಿದ್ದ ನನಗೆ, ಫೋಟೋ ತೆಗೆಸಿಕೊಳ್ಳುವುದು ಆಗ ಮರೆತೇಹೋಯಿತು.

ಸಂಜೆ ವಾಪಸ್ ಬರುವಾಗ ಅದೇ ತಿರುವು. ಅದೇ ಬಿದಿರು ಮೆಳೆ. ಆನೆಯೂ ಇತ್ತು. ಅದೇ ಆನೆಯೋ, ಅದರ ಬಳಗವೋ, ಕೇಳುವ ಧೈರ್ಯ ಯಾರಿಗಿತ್ತು? ನಾನು ದೂರದಲ್ಲೇ ನಿಲ್ಲಿಸಿದೆ. ಗಾಜು ಏರಿಸಿದೆವು. ಗುಡುಗಿತು, ಕೋಳಿ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಿತು, ಶೈಲಶ್ರೀ ಮಾದುವನ್ನು ಸೆರಗಿನೊಳಗೆ ಎಳೆದುಕೊಂಡಳು. "ಆನ, ಸೈಡ್ ಬುಡು," ಎಂದ ಮಾದು ಗಾಜಿನ ಈಚೆಯಿಂದ, ಪಿಸುಮಾತಿನಲ್ಲಿ. ಆನೆ ನಿಧಾನವಾಗಿ ಬಿದಿರು ಮುಗಿಸಿ, ಸೈಡ್ ಬಿಟ್ಟು ಕಾಡಿಗಿಳಿಯಿತು.

"ಈಗ ಸ್ಟಾರ್ಟ್ ಆಯ್ತದಾ?" ಎಂದಳು ಶೈಲಶ್ರೀ.

ಚಾವಿ ತಿರುಗಿಸಿದೆ. ಆಯಿತು. ಅವಳು ಉಸಿರು ಬಿಟ್ಟು ಡ್ಯಾಶ್‌ಬೋರ್ಡಿನ ಮೇಲೆ, ಹಸುವಿನ ಬೆನ್ನು ಸವರುವ ಹಾಗೆ, ಒಮ್ಮೆ ಕೈಯಾಡಿಸಿದಳು. "ಪರವಾಗಿಲ್ಲ ನಿಮ್ ಕಾರು," ಎಂದಳು.

ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ಒಂದು ಒಳ್ಳೆಯ ಮಾತು ಕಿವಿಗೆ ಬಿದ್ದರೆ ನನಗೆ ಎರಡನೆಯದು ಬೇಕು. ಅಷ್ಟೊಂದು ಕಬ್ಬಿಣದ ನಡುವೆ ಮಗಳು ಆ ಪುಶ್ ರಾಡನ್ನೇ ಆರಿಸಿದ್ದಾಳೆಂದರೆ, ಅದರ ಹೊಳಪಿನಲ್ಲೋ ಗಡಸಿನಲ್ಲೋ ಅವಳ ಕಣ್ಣಿಗೆ ಏನೋ ವಿಶೇಷ ಕಂಡಿರಲೇಬೇಕು. ಕನ್ನಡಿಯಲ್ಲಿ ಅವಳನ್ನು ನೋಡುತ್ತ ಕೇಳಿದೆ:

"ಮಗಳೇ, ಮನೆಯಲ್ಲಿ ಕುಡುಗೋಲಿದೆ, ಇಕ್ಕಳವಿದೆ, ಮೊಳೆ ಇದೆ, ಗುದ್ದಲಿ ಇದೆ. ಅದೆಲ್ಲ ಬಿಟ್ಟು ಕಾರಿನ ಸಾಮಾನನ್ನೇ ಯಾಕೆ ಆರಿಸಿದೆ?"

ಸ್ಪಂದನ ಮರಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ತಲೆಯೆತ್ತದೆ ಹೇಳಿದಳು:

"ಕೆಲಸಕ್ಕ ಬರೋ ಕಬ್ಬುಣ ಮುಟ್ಬ್ಯಾಡ ಅಂದಿತ್ತು ಅಜ್ಜಿ."